ಹೋದರೆ ಮಾತ್ರ ಬರುವ ಲೈಟು

ಸುಮತಿಯವರ ಸೈಕಲ್ಲು ಗುರುಚರಣರ ಹಿಂಭಾಗಕ್ಕೆ ಗುದ್ದಿದ ಸಂಜೆ, ಚೆನ್ನೈನ ವಡಪಳನಿಯ ಆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕರೆಂಟಿರಲಿಲ್ಲ. ಹಾರ್ಮೋನಿಯಂ ಕ್ಲಾಸು ಮುಗಿಸಿದ ಸುಮತಿ, ಬಾಯಲ್ಲಿ ಸ್ವರ ಗುನುಗುತ್ತಾ ಇಳಿಜಾರಿನಲ್ಲಿ ಸರ್ರನೆ ಇಳಿದು ಬಂದರು. ಅಸೋಸಿಯೇಷನ್ನಿನ ಸೆಕ್ರೆಟರಿ ಗುರುಚರಣರು ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ನೀರಿನ ವಾಲ್ವನ್ನು ತಡಕಾಡುತ್ತಿದ್ದರು. ಪೆಟ್ಟೇನೂ ಆಗಲಿಲ್ಲ. ಆದರೆ ಸೆಕ್ರೆಟರಿಯೊಬ್ಬರು ನಾಲ್ಕು ಕಾಲಿನಲ್ಲಿ ಮುಂದಕ್ಕೆ ಹೋಗಿ ಗೋಡೆ ಹಿಡಿಯುವುದು ಸಣ್ಣ ಅವಮಾನವಲ್ಲ.

"ಏನ್ರೀ ಸುಮತಿಯವ್ರೇ, ಕಣ್ ಕಾಣ್ಸಲ್ವೇನ್ರೀ?"

"ಕಣ್ಣು ಕಾಣ್ತದೆ. ನೀವು ಕಾಣ್ಲಿಲ್ಲ."

ಮೈಸೂರಿನ ಕಡೆಯವರಾದ ಗುರುಚರಣರಿಗೆ ಉಡುಪಿ ಕಡೆಯ ಈ ನೇರ ಮಾತು ಎಂದೂ ಹಿಡಿಸಿದ್ದಿಲ್ಲ. ಮಡಿಸಿ ಕಟ್ಟಿದ್ದ ಪಂಚೆಯನ್ನು ಇಳಿಸಿ ಅಲ್ಲೇ ಕಾನೂನು ಹೊರಡಿಸಿದರು. "ಇನ್ಮೇಲೆ ಲೈಟಿಲ್ದೇ ಇರೋ ಸೈಕಲ್ಲು ಬೇಸ್‌ಮೆಂಟಿಗೆ ಇಳಿಯೋ ಹಾಗಿಲ್ಲ. ಹಾಕ್ಸಿ. ನಾನೇ ಕಣ್ಣಾರೆ ನೋಡ್ತೀನಿ."

ಲೈಟು ಸುಮತಿಗೆ ಹೊಸದೇನಲ್ಲ. ಮೊದಲು ಕೊಂಡ ಬ್ಯಾಟರಿ ಲೈಟನ್ನು ಯಾರೋ ಪುಣ್ಯಾತ್ಮರು ಮುರುಗನ ಗುಡಿಯ ಹೊರಗೆ ಬಿಚ್ಚಿಕೊಂಡು ಹೋಗಿದ್ದರು. ಎರಡನೆಯದು ಮನೆಯಲ್ಲೇ ಇತ್ತು. ಅದರ ಚಾರ್ಜಿಂಗ್ ವಯರು ಮಾತ್ರ ಸದಾ ಮಗಳು ಶ್ರೀಯಾಳ ಫೋನಿಗೆ ಅಂಟಿಕೊಂಡಿರುತ್ತಿತ್ತು. ಕೇಳಿದರೆ "ಅಞ್ಜು ನಿಮಿಷಂ, ಅಮ್ಮಾ" ಎಂದು ತಮಿಳಿನಲ್ಲಿ ಉತ್ತರ ಬರುತ್ತಿತ್ತು. ಆ ಐದು ನಿಮಿಷ ಯಾವತ್ತೂ ಮುಗಿದದ್ದಿಲ್ಲ.

"ಡೈನಮೋ ಹಾಕುವ," ಎಂದರು ಗಂಡ ಶಂಕರನಾರಾಯಣ. ಎಗ್ಮೋರಿನಲ್ಲಿ ರೈಲ್ವೆಯ ಎಲೆಕ್ಟ್ರಿಕಲ್ ವಿಭಾಗದಿಂದ ನಿವೃತ್ತರಾದ ಮೇಲೆ ಅವರಿಗೆ ಫ್ಯಾನಿನ ರೆಗ್ಯುಲೇಟರಿಗಿಂತ ದೊಡ್ಡ ಕೆಲಸ ಸಿಕ್ಕಿರಲಿಲ್ಲ. ಕಣ್ಣಲ್ಲಿ ಆಗಲೇ ಬೆಳಕು ಬಂದಿತ್ತು.

ಬಾಬುವಿನ ಸೈಕಲ್ ಅಂಗಡಿಯಲ್ಲಿ ಎರಡು ಬಗೆ ಇದ್ದವು. ಒಂದು ಮುಂದಿನ ಚಕ್ರದ ನಡುವೆಯೇ ಕೂರುವಂಥದ್ದು. ಸದ್ದಿಲ್ಲ, ತುಳಿಯಲು ಭಾರವೂ ಇಲ್ಲ. ಆದರೆ ಚಕ್ರದ ಕಡ್ಡಿಗಳನ್ನೆಲ್ಲ ಬಿಚ್ಚಿ ಹೊಸದಾಗಿ ಹೆಣೆಯಬೇಕು. ಇನ್ನೊಂದು ಹಳೆಯ ಕಾಲದ್ದು, ಪುಟ್ಟ ಬಾಟಲಿಯಂತಿದ್ದು ಟೈರಿನ ಪಕ್ಕೆಗೆ ಒರಗಿ ತಿರುಗುವಂಥದ್ದು. ಶಂಕರನಾರಾಯಣರು ಮೊದಲನೆಯದನ್ನು ಎದೆಗೆ ಅಪ್ಪಿಕೊಂಡು ಆಯಸ್ಕಾಂತದ ಬಗ್ಗೆ ಮಾತು ಶುರುಮಾಡಿದರು. ಬಾಬು ಕೇಳಿ ಕೇಳಿ ಟೀ ತರಲು ಹೋದ. ಸುಮತಿ ಬಾಟಲಿಯಂಥದ್ದನ್ನು ಬೆರಳಿನಿಂದ ಒತ್ತಿ ನೋಡಿದರು. ಚಟಕ್ಕನೆ ವಾಲಿತು. ಮತ್ತೆ ಒತ್ತಿದರು. ಚಟಕ್.

"ನನಗೆ ಇದೇ. ಹಗಲು ಬೇಡದಾಗ ಟೈರಿನಿಂದ ದೂರ ಇಡ್ಲಿಕ್ಕೆ ಆಗ್ತದೆ."

"ಅದು ಗುಂಯ್ ಅಂತ ಕೂಗ್ತದೆ, ಸುಮತೀ. ತುಳೀಲಿಕ್ಕೂ ಭಾರ."

"ಕೂಗ್ಲಿ. ಜನ ದಾರಿ ಬಿಡ್ತಾರೆ. ತುಳಿಯುವವಳು ನಾನಲ್ವಾ ಮಾರಾಯ್ರೆ?"

ಜೋಡಿಸುವ ಕೆಲಸವನ್ನು ಮಾತ್ರ ಶಂಕರನಾರಾಯಣರು ಬಾಬುವಿಗೆ ಬಿಟ್ಟುಕೊಡಲಿಲ್ಲ. ನಡುಮನೆಯಲ್ಲಿ ಹಳೆಯ ಬೆಡ್‌ಶೀಟ್ ಹಾಸಿ ಸೈಕಲ್ಲನ್ನು ತಲೆಕೆಳಗು ಮಾಡಿದರು. ಡೈನಮೋದ ತಲೆ ಹಿಂದಿನ ಟೈರಿಗೆ ಸರಿಯಾಗಿ ತಾಗುವಂತೆ, ಅದರ ನೇರ ಚಕ್ರದ ನಡುವಿಗೇ ಬರುವಂತೆ ದಾರ ಹಿಡಿದು ಅಳೆದರು. ಊಟಕ್ಕೆ ಕರೆದರೆ "ಶ್!" ಎಂದರು. ಕೊನೆಗೆ ಪೆಡಲು ತಿರುಗಿಸಿದರು.

ಗುಂಯ್ಯೆಂದು ಸದ್ದು ಬಂತು. ಲೈಟು ಬರಲಿಲ್ಲ.

ಬಲ್ಬು ತೆಗೆದು ಹಾಕಿದರು. ವಯರು ಬದಲಿಸಿದರು. ಬಾಬು ಮೋಸಮಾಡಿದ ಎಂದರು. ಚಕ್ರದ ಹತ್ತಿರ ಬಗ್ಗಿ ನೋಡುತ್ತಿದ್ದ ಸುಮತಿಗೆ ಡೈನಮೋವನ್ನು ಬಿಗಿದಿದ್ದ ಕ್ಲಾಂಪಿನ ಅಡಿಯಲ್ಲಿ ಕಪ್ಪಗೆ ಏನೋ ಕಂಡಿತು.

"ಇದೆಂತದು?"

"ರಬ್ಬರು. ಪೈಂಟಿಗೆ ಗೀರು ಬೀಳಬಾರದಲ್ಲ."

"ಒಂದೊಂದು ಲೈಟಿಗೂ ವಯರು ಒಂದೇ ಉಂಟು. ಕರೆಂಟು ವಾಪಸು ಬರುವುದು ಸೈಕಲ್ಲಿನ ಕಬ್ಬಿಣದಿಂದ ಅಂತ ಅಂಗಡಿಯಲ್ಲಿ ನೀವೇ ಭಾಷಣ ಮಾಡಿದ್ದು. ರಬ್ಬರಿಟ್ಟರೆ ಅದು ಎಲ್ಲಿಂದ ಬರಬೇಕು?"

ಶಂಕರನಾರಾಯಣರು ಸ್ಕ್ರೂಡ್ರೈವರ್ ಎತ್ತಿಕೊಂಡರು. "ಅದನ್ನೇ ಈಗ ತೆಗೆಯುವವನಿದ್ದೆ," ಎಂದರು. ರಬ್ಬರು ಕಿತ್ತು, ಪೈಂಟನ್ನು ಒಂದಿಷ್ಟು ಕೆರೆದು, ಸ್ಕ್ರೂ ಬಿಗಿದು ಮತ್ತೆ ತಿರುಗಿಸಿದಾಗ ಗೋಡೆಯ ಮೇಲೆ ಹಳದಿ ಬೆಳಕು ಚೆಲ್ಲಿತು, ಹಿಂದಿನ ಪುಟ್ಟ ಕೆಂಪು ಲೈಟೂ ಹೊತ್ತಿತು. ಶ್ರೀಯಾ ಫೋನಿನಿಂದ ತಲೆ ಎತ್ತಿ "ಸೂಪರ್‌ಪ್ಪಾ!" ಎಂದಳು. ಹೆಂಡತಿಯ ಹೆಸರು ಹೇಳದೆ ಶಂಕರನಾರಾಯಣರು ಆ ಹೊಗಳಿಕೆಯನ್ನು ಪೂರ್ತಿ ನುಂಗಿದರು.

ಮರುದಿನ ಮುಸ್ಸಂಜೆ ಬೇಸ್‌ಮೆಂಟಿನಲ್ಲಿ ಪರೀಕ್ಷೆ. ಶಂಕರನಾರಾಯಣರೂ ಹೆಂಡತಿಯ ಜೊತೆ ಇಳಿದು ಬಂದಿದ್ದರು. ಗುರುಚರಣರು ಕೈಕಟ್ಟಿ ಲ್ಯಾಂಪಿನ ಮುಂದೆ ನಿಂತರು.

"ಎಲ್ರೀ ಲೈಟು?"

"ಹೋದರೆ ಬರ್ತದೆ," ಎಂದರು ಸುಮತಿ.

"ಯಾರು ಹೋದ್ರೆ?"

"ಸೈಕಲ್ಲು. ನಿಂತಾಗ ಇಲ್ಲ."

"ನಿಂತಿರೋ ಸೈಕಲ್ಲನ್ನ ನಾನು ಪರೀಕ್ಷೆ ಮಾಡೋದು ಹೇಗ್ರೀ? ಓಡ್ಲಿ ಅಂದ್ರೆ, ಮೊನ್ನೆ ಥರ ನನ್ಮೇಲೇ ಬರುತ್ತೆ!"

ಸುಮತಿ ಒಂದು ಸುತ್ತು ತುಳಿದು ತೋರಿಸಿದರು. ಬೆಳಕು ತಮ್ಮ ಕಡೆ ತಿರುಗಿದ ಕೂಡಲೆ ಗುರುಚರಣರು ಕಂಬದ ಹಿಂದೆ ಹಾರಿದ್ದರಿಂದ ಅವರಿಗೆ ಏನೂ ಕಾಣಲಿಲ್ಲ. ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲ ಅವರೇ ರೋಸಿ, "ಕೊಡಿ ಇಲ್ಲಿ" ಎಂದು ಹ್ಯಾಂಡಲ್ ಕಸಿದರು. ಪಂಚೆ ಎತ್ತಿಕಟ್ಟಿ ಹತ್ತಿಯೇಬಿಟ್ಟರು.

ಕಾಲೇಜು ಬಿಟ್ಟ ಮೇಲೆ ಸೈಕಲ್ ಮುಟ್ಟಿರದ ಮನುಷ್ಯ. ಮೊದಲು ವಾಲಾಡಿದರು. ಮೆಲ್ಲಗಾದರೆ ಬೆಳಕು ಬಾಡುತ್ತಿತ್ತು. ಕತ್ತಲಿಗೆ ಹೆದರಿ ಅವರು ಜೋರಾಗಿ ತುಳಿದರು. ತುಳಿದಷ್ಟೂ ಬೆಳಕು. ಅದೇ ಭರದಲ್ಲಿ ಏರು ಹತ್ತಿ, ಸಲಾಂ ಹೊಡೆಯಲು ಎದ್ದ ವಾಚ್‌ಮನ್ನಿನ ಎದುರೇ ಗೇಟು ದಾಟಿ ಬೀದಿಗೆ ಹೊರಟುಹೋದರು.

ಸುಮತಿಯೂ ಶಂಕರನಾರಾಯಣರೂ ಗೇಟಿಗೆ ಓಡಿದರು. ಬೀದಿಯಲ್ಲಿ ಆಟೋಗಳಿದ್ದವು, ಹೂವಿನ ಗಾಡಿಯಿತ್ತು, ಸೆಕ್ರೆಟರಿ ಇರಲಿಲ್ಲ.

"ಕೋಯಿಲ್ ಪಕ್ಕಂ ಪೋನಾರ್," ಎಂದು ವಾಚ್‌ಮನ್ ಗುಡಿಯ ಕಡೆಗೆ ಕೈ ತೋರಿಸಿದ.

"ಬ್ರೇಕು ಸರಿ ಉಂಟಲ್ಲ?" ಸುಮತಿ ಗಂಡನತ್ತ ತಿರುಗಿದರು. ಆ ಮನುಷ್ಯನ ಕೈಕಾಲು ಮುರಿದರೆ ತಾನೇ ಕಾರಣ. ಮೊದಲು ಹಿಂದಿನಿಂದ ಗುದ್ದಿದ್ದಾಯಿತು, ಈಗ ಮುಂದಕ್ಕೆ ಕಳಿಸಿದ್ದೂ ಆಯಿತು.

"ಬ್ರೇಕು ನಾನು ನೋಡ್ಲಿಲ್ಲ," ಎಂದರು ಶಂಕರನಾರಾಯಣ. "ನನ್ನದು ಎಲೆಕ್ಟ್ರಿಕಲ್."

ಸುಮತಿ ಸೀರೆಯ ಸೆರಗು ಸಿಕ್ಕಿಸಿ ಬೀದಿಗಿಳಿದರು, ಗಂಡನೂ ಹಿಂದೆಯೇ ಬಂದರು. ಮೂಲೆಯ ಮೆಡಿಕಲ್ ಶಾಪಿನವರೆಗೂ ಹೋಗಿರಲಿಲ್ಲ, ದೂರದಿಂದ ಗುಂಯ್ಯೆಂಬ ಸದ್ದು ಕೇಳಿತು. ಆಟೋಗಳ ನಡುವಿನಿಂದ ಒಂದು ಹಳದಿ ಬೆಳಕು ನೇರ ಇತ್ತಲೇ ಬರುತ್ತಿತ್ತು. ಅದರ ಹಿಂದೆ ಬೆವರಿನಲ್ಲಿ ತೊಯ್ದು, ಕಿವಿಯಿಂದ ಕಿವಿಯವರೆಗೆ ನಗುತ್ತಿದ್ದ ಗುರುಚರಣರು. ಆ ಮುಖದಲ್ಲಿ ಹಲ್ಲು ಇರುವುದನ್ನು ಸುಮತಿ ನೋಡಿದ್ದು ಅದೇ ಮೊದಲು.

"ಗುಡಿ ಸುತ್ತಿ ಬಂದೆ ಕಣ್ರೀ!" ಏದುಸಿರಲ್ಲೇ ಹೇಳಿದರು. "ಒಬ್ಬ ಆಟೋದವನು ಸೈಡ್ ಕೊಟ್ಟ! ನನ್ ಕಾರಿಗೂ ಯಾರೂ ಕೊಟ್ಟಿದ್ದಿಲ್ಲ."

"ಹಾಗಾದರೆ ಲೈಟು ಪಾಸಾ?"

ಗುರುಚರಣರು ಇಳಿದು ಗಂಟಲು ಸರಿಮಾಡಿಕೊಂಡರು. ಸೆಕ್ರೆಟರಿಯ ಮುಖ ಮೆಲ್ಲಗೆ ವಾಪಸು ಬಂತು, ಆದರೆ ಪೂರ್ತಿ ಬರಲಿಲ್ಲ. "ಮುಂದಿನ ಲೈಟು ಪಾಸು. ಹಿಂದಿನ ಕೆಂಪು ಲೈಟು ನಾನು ಕೂತಿದ್ರಿಂದ ನಂಗೆ ಕಾಣ್ಲಿಲ್ಲ. ನಾಳೆ ಸಂಜೆ ಇನ್ನೊಂದ್ಸಲ ನೋಡ್ಬೇಕಾಗುತ್ತೆ."

ಕೂತವರಿಗೆ ನಾಳೆಯೂ ಅದು ಕಾಣುವುದಿಲ್ಲವೆಂದು ಶಂಕರನಾರಾಯಣರು ಬಾಯಿ ತೆರೆದರು. ಸುಮತಿ ಅವರ ಕಾಲು ತುಳಿದರು.

"ಬನ್ನಿ," ಎಂದರು ನಗು ಅದುಮಿಕೊಂಡು. "ನನ್ನ ಕ್ಲಾಸು ಮುಗಿದ ಮೇಲೆ. ಆದರೆ ಮಳೆ ಬಂದರೆ ಇಲ್ಲ, ಟೈರು ಒದ್ದೆಯಾದರೆ ಡೈನಮೋ ಜಾರ್ತದೆ."

ಗುರುಚರಣರು ಪಂಚೆ ಇಳಿಸುವುದನ್ನೂ ಮರೆತು, ಅಲ್ಲೇ ನಡುಬೀದಿಯಲ್ಲಿ ನಿಂತು ಆಕಾಶ ನೋಡತೊಡಗಿದರು.