ಕಿಟಕಿಯ ಒಂದನೇ ನಂಬರು

ಹಾಡುಗಳಿಗೆ ನಂಬರು ಕೊಡುತ್ತಾ ಕೂರುವುದು ಹುಚ್ಚು ಅಂತ ನನ್ನ ಗಂಡ ಹೇಳುತ್ತಿದ್ದ. ಹುಚ್ಚೇ ಸರಿ. ಆದರೆ ಹಲ್ ಬಂದರಿನ ನಮ್ಮ ಹೆಸಲ್ ರೋಡಿನ ಸುತ್ತಮುತ್ತ ಆ ಹುಚ್ಚು ಹಿಡಿಯದ ಮನೆ ಇರಲಿಲ್ಲ. ಅದನ್ನು ಕಿಟಕಿಗೆ ಅಂಟಿಸಿ ಬೀದಿಗೆಲ್ಲ ತೋರಿಸುವ ಧೈರ್ಯ ಮಾತ್ರ ನಮ್ಮ ಮನೆಯವರದ್ದು.

ಭಾನುವಾರ ಸಂಜೆ ಐದಕ್ಕೆ ರೇಡಿಯೋದಲ್ಲಿ ದೇಶದ ನಲವತ್ತು ಹಾಡುಗಳು ಬರುತ್ತಿದ್ದವು, ಕೆಳಗಿನಿಂದ ಮೇಲಕ್ಕೆ. ಹಲ್ ಊರಿನ ಮಕ್ಕಳೆಲ್ಲ ಆಗ ಟೇಪ್ ರೆಕಾರ್ಡರಿನ ಗುಂಡಿಯ ಮೇಲೆ ಬೆರಳಿಟ್ಟುಕೊಂಡು, ಆ ರೇಡಿಯೋದವನು ಹಾಡಿನ ಮಧ್ಯೆ ಬಾಯಿ ಹಾಕದಿರಲಿ ಅಂತ ಉಸಿರು ಬಿಗಿಹಿಡಿದು ಕೂತಿರುತ್ತಿದ್ದರು. ನನ್ನ ಅಕ್ಕ ಲೊರೇನ್‌ಗೆ ದೇಶದ ತೀರ್ಮಾನ ಯಾವತ್ತೂ ಒಪ್ಪಿಗೆಯಾಗುತ್ತಿರಲಿಲ್ಲ. "ಇವ್ರಿಗೆಲ್ಲ ಕಿವಿ ಇದೆಯಾ, ಇಲ್ಲ ಎಲೆಕೋಸು ಅಂಟಿಸ್ಕೊಂಡಿದ್ದಾರಾ?" ಅನ್ನುತ್ತಿದ್ದಳು. ಏಳು ಗಂಟೆಗೆ ರೇಡಿಯೋ ಆರಿಸಿ, ಗೋಡೆಗೆ ಹಚ್ಚಿ ಉಳಿದ ವಾಲ್‌ಪೇಪರಿನ ಹಿಂಬದಿಯಲ್ಲಿ ನಾವಿಬ್ಬರೂ ನಮ್ಮದೇ ಹತ್ತು ಹಾಡುಗಳನ್ನು ಬರೆಯುತ್ತಿದ್ದೆವು. ಅದನ್ನು ಮುಂದಿನ ಕೋಣೆಯ ಕಿಟಕಿಗೆ ಅಕ್ಷರ ಹೊರಗೆ ಕಾಣುವ ಹಾಗೆ ಅಂಟಿಸುತ್ತಿದ್ದೆವು.

ನಿಯಮಗಳನ್ನು ಮಾಡಿದವಳು ಲೊರೇನ್. ಇಬ್ಬರೂ ಒಪ್ಪದ ಹಾಡು ಒಳಗೆ ಬರುವಂತಿಲ್ಲ. ಹಾಡುವವನ ಮುಖ ಚೆನ್ನಾಗಿದೆ ಅಂತ ಮೇಲೇರಿಸುವಂತಿಲ್ಲ. ಆರು ವಾರ ತುದಿಯಲ್ಲಿ ಕೂತ ಹಾಡಿಗೆ ನಿವೃತ್ತಿ, ಎಷ್ಟೇ ಅತ್ತು ಕರೆದರೂ. ಮೀನು-ಚಿಪ್ಸ್ ಅಂಗಡಿಗೆ ಹೋಗುವವರೆಲ್ಲ ನಮ್ಮ ಕಿಟಕಿಯ ಮುಂದೆ ನಿಂತು ಓದಿಯೇ ಹೋಗುತ್ತಿದ್ದರು. "ಏಯ್ ಲೊರೇನ್, ನಾಲ್ಕನೇದು ಬರೀ ಕಸ ಕಣೇ!" ಅಂತ ಯಾರಾದರೂ ಕೂಗಿದರೆ, "ನಿನ್ನ ಮುಖಕ್ಕಿಂತ ವಾಸಿ!" ಅಂತ ಒಳಗಿನಿಂದಲೇ ಉತ್ತರ ಹೋಗುತ್ತಿತ್ತು. ಎದುರುಮನೆಯ ವಿನ್ನಿ ಆಂಟಿಗೆ ಒಂದು ಹಾಡೂ ಗೊತ್ತಿರಲಿಲ್ಲ, ಆದರೂ ಸೋಮವಾರ ಬೆಳಿಗ್ಗೆ ಕನ್ನಡಕ ಹಾಕಿಕೊಂಡು ಬಂದು ಓದದಿದ್ದರೆ ಅವಳಿಗೆ ಟೀ ಇಳಿಯುತ್ತಿರಲಿಲ್ಲ.

ಅಪ್ಪನಿಗೆ ಇದೆಲ್ಲ ಕಂಡರಾಗುತ್ತಿರಲಿಲ್ಲ. ಹದಿನೈದನೇ ವಯಸ್ಸಿಗೇ ಮೀನು ಹಿಡಿಯುವ ದೊಡ್ಡ ಹಡಗು ಹತ್ತಿ ಐಸ್‌ಲ್ಯಾಂಡಿನ ಕಡೆ ಹೋಗುತ್ತಿದ್ದವನು ಅವನು. ಅಲ್ಲಿನವರು ತಮ್ಮ ಸಮುದ್ರಕ್ಕೆ ಬೇಲಿ ಹಾಕಿದ ಮೇಲೆ ನಮ್ಮೂರ ಹಡಗುಗಳೆಲ್ಲ ಗುಜರಿಗೆ ಹೋದವು, ಅಪ್ಪ ಕೆಲಸವಿಲ್ಲದೆ ಮನೆಯ ಕುರ್ಚಿಗೆ ಬಂದ. ಅದರ ಮರುವರ್ಷವೇ ಅಮ್ಮ ತೀರಿಕೊಂಡಳು. ಮೀನು ಕೊಯ್ಯುವ ಶೆಡ್ಡಿನಲ್ಲಿ ದುಡಿದು ಮನೆ ನಡೆಸುತ್ತಿದ್ದವಳು ಹತ್ತೊಂಬತ್ತರ ಲೊರೇನ್. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿದ್ದ ಅಪ್ಪ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಅಕ್ಕ, ನಡುವೆ ಹದಿಮೂರು ವರ್ಷದ ನಾನು, ಗೇಲ್.

ಆ ಸೆಪ್ಟೆಂಬರಿನ ಒಂದು ಶನಿವಾರ, ಕಾಗದದಲ್ಲಿ ಕಟ್ಟಿ ತಂದ ಆಲೂಗಡ್ಡೆ ಪ್ಯಾಟಿ ತಿನ್ನುತ್ತಿದ್ದಾಗ ಲೊರೇನ್ ಬಾಂಬು ಹಾಕಿದಳು. ಪಬ್ಬುಗಳಲ್ಲಿ ಬಾರಿಸುವ ಒಂದು ಬ್ಯಾಂಡಿನವರು ಅವಳನ್ನು ಹಾಡಲು ಕರೆದಿದ್ದರು. ಅವರ ವ್ಯಾನಿನಲ್ಲಿ ಊರೂರು ಸುತ್ತಬೇಕು.

"ಹಾಡ್ಬೇಕು ಅನ್ಸಿದ್ರೆ ಸ್ನಾನದ ಮನೇಲಿ ಹಾಡ್ಕೋ," ಅಂದ ಅಪ್ಪ.

"ಅಲ್ಲಿ ಕೇಳೋರ್ಯಾರು? ಸೋಪಾ?"

"ಕೆಲಸ ಬಿಟ್ಟು ಆ ಪುಂಡರ ಹಿಂದೆ ಹೋಗ್ತೀಯಾ? ಹೋಗು. ಹೋದ್ಮೇಲೆ ಮತ್ತೆ ಬಂದು ಈ ಬಾಗ್ಲು ತಟ್ಬೇಡ."

"ತಟ್ಟಲ್ಲ, ಹೋಗು!"

ಮರುದಿನ ಬೆಳಿಗ್ಗೆ ಅವಳು ಸೂಟ್‌ಕೇಸ್ ಹಿಡಿದು ಬಾಗಿಲಲ್ಲಿ ನಿಂತಾಗ ಅಪ್ಪ ಹಿತ್ತಲಿನಲ್ಲಿ ಏನೋ ಕುಟ್ಟುತ್ತಿದ್ದ. ಕುಟ್ಟುವಂಥದ್ದು ಅಲ್ಲಿ ಏನೂ ಇರಲಿಲ್ಲ. ಲೊರೇನ್ ನನ್ನ ಕಿವಿಯ ಹತ್ತಿರ ಬಗ್ಗಿದಳು.

"ನೋಡು ಗೇಲ್, ನಾನು ಆಗಾಗ ಈ ಕಡೆ ಬರ್ತೀನಿ. ರಸ್ತೆ ಆಚೆಯಿಂದ ಕಿಟಕಿ ನೋಡ್ತೀನಿ. ಅಪ್ಪನ ಸಿಟ್ಟು ಇಳಿದಿದ್ರೆ 'ಸಿಲ್ವರ್ ಟ್ರಾಮ್' ಒಂದನೇ ನಂಬರಲ್ಲಿರ್ಲಿ. ಆಗ ಬಂದು ಬಾಗ್ಲು ತಟ್ತೀನಿ. ಕೆಳಗಿದ್ರೆ ಇನ್ನೂ ಇಳಿದಿಲ್ಲ ಅಂತ ತಿಳ್ಕೊಂಡು ವಾಪಸ್ ಹೋಗ್ತೀನಿ. ಬೀದಿಯವರ ಮುಂದೆ ಬೈಸ್ಕೊಳ್ಳೋಕೆ ನನ್ ಕೈಲಾಗಲ್ಲ."

'ಸಿಲ್ವರ್ ಟ್ರಾಮ್' ಅವಳ ಪ್ರಾಣ. ಹಾಡಿದ್ದು ನೈಲಾನ್ ಸೇಂಟ್ಸ್ ಅನ್ನುವ ಗುಂಪು. ಆ ಗುಂಪನ್ನು ಈಗ ಅವರ ತಾಯಂದಿರೂ ಮರೆತಿರಬೇಕು.

"ಆರು ವಾರದ ನಿಯಮ?" ಅಂತ ಕೇಳಿದೆ. ಅಂಥ ಗಳಿಗೆಯಲ್ಲೂ ನನಗೆ ಅದೇ ಚಿಂತೆ.

"ನಿಯಮ ಮಾಡಿದೋಳು ನಾನೇ ತಾನೇ? ಮುರಿ ಅಂತ ಹೇಳ್ತಿರೋಳೂ ನಾನೇ. ಆದ್ರೆ ಅಪ್ಪನಿಗೆ ಮಾತ್ರ ಬಾಯಿ ಬಿಡ್ಬೇಡ, ಆಣೆ."

ನಮ್ಮ ಕಡೆ ಹೊರಟವರನ್ನು ಕಳಿಸಲು ಯಾರೂ ಹೊಸಿಲು ದಾಟುವುದಿಲ್ಲ. ಹಡಗು ಹೊರಡುವ ದಿನ ಬಟ್ಟೆ ಒಗೆಯುವುದಿಲ್ಲ, ಒಗೆದರೆ ಗಂಡಸು ನೀರುಪಾಲು. ಕೈಯನ್ನಂತೂ ಬೀಸಲೇಬಾರದು, ಬೀಸಿದರೆ ಸಮುದ್ರ ಕರೆದುಕೊಳ್ಳುತ್ತದೆ. ಲೊರೇನ್ ಹತ್ತುತ್ತಿದ್ದದ್ದು ಬಸ್ಸು, ಆದರೂ ನಾನು ಎರಡೂ ಕೈಗಳನ್ನು ಕೋಟಿನ ಜೇಬಿನಲ್ಲಿ ತುರುಕಿಕೊಂಡು ಒಳಗೇ ನಿಂತೆ. ಅವಳು ಮೂಲೆ ತಿರುಗುವ ಮುಂಚೆ ಒಂದು ಸಲ ಹಿಂದಿರುಗಿ ನೋಡಿದಳು.

ಅಪ್ಪನ ಸಿಟ್ಟು ಎಷ್ಟು ದಿನದ್ದು? ಆ ವಾರ ಮುಗಿಯುವುದರೊಳಗೆ ಊಟದ ಮೇಜಿನ ಮೇಲೆ ಮೂರು ತಟ್ಟೆ ಇಟ್ಟ. ಇಟ್ಟು, ನೋಡಿ, ಒಂದನ್ನು ಮತ್ತೆ ಬೀರುವಿಗೆ ಸೇರಿಸಿದ. ಆಮೇಲೆ ಮುಂಬಾಗಿಲಿನ ಚಿಲಕ ಹಾಕುವುದನ್ನೇ ಬಿಟ್ಟ. ಬಾಯಿಬಿಟ್ಟು ಒಂದು ಮಾತು ಆಡಲಿಲ್ಲ, ಆಡುವ ಜಾತಿಯೂ ಅಲ್ಲ. ನನಗಷ್ಟು ಸಾಕಿತ್ತು. ಆ ಭಾನುವಾರವೇ 'ಸಿಲ್ವರ್ ಟ್ರಾಮ್' ತುದಿಗೆ ಹೋಯಿತು, ಅಲ್ಲೇ ಕೂತಿತು.

ಆರು ವಾರ ದಾಟಿತು. ಬೀದಿಯಲ್ಲಿ ನನ್ನ ಮರ್ಯಾದೆ ಹೋಯಿತು. "ಏನಮ್ಮ, ನೈಲಾನ್ ಸೇಂಟ್ಸ್ ನಿಂಗೆ ಲಂಚ ಕೊಟ್ರಾ?" "ಆ ಹಾಡಿಗೆ ಅಂಟು ಜಾಸ್ತಿ ಆಯ್ತಾ?" ಶಾಲೆಯಲ್ಲಿ ಒಬ್ಬಳು ನನ್ನ ಪಟ್ಟಿಯೇ ಮೋಸ ಅಂದಳು, ಅವಳ ಜಡೆ ಹಿಡಿದು ಎಳೆದೆ. ಕ್ರಿಸ್‌ಮಸ್ಸಿಗೆ ಲೊರೇನ್‌ಳಿಂದ ಬ್ರಾಡ್‌ಫರ್ಡ್ ಊರಿನ ಚಿತ್ರವಿದ್ದ ಒಂದು ಕಾರ್ಡು ಬಂತು. ವಿಳಾಸವಿರಲಿಲ್ಲ, ಸುತ್ತಾಟದಲ್ಲಿ ಬಿಡುವೇ ಇಲ್ಲ ಅಂತ ಒಂದು ಸಾಲು ಮಾತ್ರ. ಅಪ್ಪ ಅದನ್ನು ಗಡಿಯಾರಕ್ಕೆ ಒರಗಿಸಿಟ್ಟು, ಟೈಮ್ ನೋಡುವ ನೆಪದಲ್ಲಿ ನೋಡುತ್ತಿದ್ದ.

ಜನವರಿಯಲ್ಲಿ ನನಗೆ ಅಪೆಂಡಿಕ್ಸ್ ಆಗಿ ಆಸ್ಪತ್ರೆ ಸೇರಿದೆ. ಆಪರೇಷನ್ ಆಗಿ, ಭಾನುವಾರ ಕಳೆದು, ಸೋಮವಾರ ಮಧ್ಯಾಹ್ನ ನೋಡಲು ಬಿಡುವ ಹೊತ್ತಿಗೆ ಅಪ್ಪ ಬಂದ. ಮದುವೆಗೆ ಹಾಕುವ ಕೋಟು ಹಾಕಿದ್ದ. ಕೈಯಲ್ಲಿ ದ್ರಾಕ್ಷಿ. ಮಂಚದ ಪಕ್ಕ ಕೂತು, ಅರ್ಧ ದ್ರಾಕ್ಷಿ ತಾನೇ ತಿಂದು ಮುಗಿಸಿ, ಕೊನೆಗೆ ಹೇಳಿದ:

"ನಿನ್ ಕಿಟಕಿ ಬಗ್ಗೆ ಚಿಂತೆ ಮಾಡ್ಬೇಡ. ನಾನೇ ಬರ್ದು ಹಾಕಿದೀನಿ."

ನಾನು ದಿಂಬಿನಿಂದ ತಲೆ ಎತ್ತಿದೆ. "ಏನು ಬರ್ದೆ ಅಪ್ಪಾ?"

"ಐದರಿಂದ ಏಳರವರೆಗೂ ಪೆನ್ಸಿಲ್ ಹಿಡ್ಕೊಂಡು ಕೂತಿದ್ದೆ ಕಣೇ. ನಲವತ್ತೂ ಕೇಳ್ದೆ. ದೇವ್ರೇ, ಅದೇನು ಕಿರಚಾಟ! ಆದ್ರೆ ಮಧ್ಯದಲ್ಲಿ ಒಂದು ಬಂತು ನೋಡು, 'ಬ್ಲೂಬೆಲ್ ಸಂಡೇ'. ಹಳೇದು, ಯಾರೋ ಹೊಸಬ್ರು ಹಾಡಿದಾರೆ. ನಿಮ್ಮಮ್ಮ ಹಾಡ್ತಿದ್ಲು. ಲೊರೇನ್ ಪಾತ್ರೆ ತೊಳೀವಾಗೆಲ್ಲ ಅದನ್ನೇ ಗುನುಗ್ತಿದ್ಲು, ಅವ್ಳಿಗೇ ಗೊತ್ತಾಗ್ತಿರ್ಲಿಲ್ಲ. ಅದು ನಮ್ ಲೊರೇನ್ ಹಾಡು. ಅದನ್ನ ಮೇಲೆ ಹಾಕ್ದೆ. ಆ ಟ್ರಾಮ್ ಗೀಮ್ ಅಂತ ಇತ್ತಲ್ಲ, ತಿಂಗಳುಗಟ್ಲೆ ಕೂತು ಬೇರು ಬಿಟ್ಟಿತ್ತು. ಅದನ್ನ ಮೂರಕ್ಕೆ ಇಳಿಸ್ದೆ." ಆಮೇಲೆ ದ್ರಾಕ್ಷಿಯ ಗೊಂಚಲನ್ನು ನೋಡುತ್ತಾ ಮೆಲ್ಲಗೆ ಹೇಳಿದ: "ಅಕಸ್ಮಾತ್ ಈ ಕಡೆ ಬಂದ್ರೆ... ನೋಡ್ಲಿ ಅಂತ."

ನಾನು ಅಳತೊಡಗಿದೆ. ಹೊಲಿಗೆ ನೋಯುತ್ತಿರಬೇಕು ಅಂತ ಅವನು ನರ್ಸನ್ನು ಕರೆದ.

ಮನೆಗೆ ಬಂದ ದಿನ ನಾನು ಮೊದಲು ನೋಡಿದ್ದು ಆ ಹಾಳೆಯನ್ನು. ಹಡಗಿನ ಮೂತಿಯ ಮೇಲೆ ಬರೆದ ಹೆಸರಿನ ಹಾಗೆ ದಪ್ಪ ದಪ್ಪ ಚೌಕ ಅಕ್ಷರ. ಅದು ಅಪ್ಪನ ಕೈಬರಹ ಅಂತ ರಸ್ತೆ ಆಚೆಯಿಂದಲೂ ಗೊತ್ತಾಗುತ್ತಿತ್ತು. ಕಿತ್ತು ಹಾಕಲು ಕೈ ಎತ್ತಿದಾಗಲೇ ವಿನ್ನಿ ಆಂಟಿ ಸೂಪಿನ ಪಾತ್ರೆ ಹಿಡಿದು ಒಳಗೆ ಬಂದಳು. ಅಪ್ಪ ಹಿತ್ತಲಲ್ಲಿದ್ದಾನೆ ಅಂತ ಖಾತ್ರಿ ಮಾಡಿಕೊಂಡು ಪಿಸುಗುಟ್ಟಿದಳು.

"ಸೋಮವಾರ ಮಧ್ಯಾಹ್ನ ನಿಮ್ಮಕ್ಕ ಬಂದಿದ್ಲು ಕಣೇ. ನಮ್ಮನೆ ಮಹಡಿ ಕಿಟಕಿಯಿಂದ ನೋಡ್ದೆ. ಫೋನ್ ಡಬ್ಬಿ ಪಕ್ಕ ನಿಂತು ನಿಮ್ಮ ಕಾಗದನೇ ಓದ್ತಿದ್ಲು. ಕೈಯಲ್ಲಿ ಸೂಟ್‌ಕೇಸು. ಅದ್ಯಾಕೆ ಒಳಗೆ ಹೋಗ್ತಿಲ್ಲ ಅಂತ ನಾನು ಚಪ್ಪಲಿ ಹುಡುಕಿ ಕೆಳಗಿಳಿಯೋದ್ರೊಳ್ಗೆ ಬಸ್ ಹತ್ತಿಬಿಟ್ಲು. ಅಳ್ತಿದ್ಲು ಅನ್ಸುತ್ತೆ ಕಣೇ."

ಸೂಟ್‌ಕೇಸು ತಂದಿದ್ದಳು. ಮನೆಗೆ ಬರಲೆಂದೇ ಬಂದಿದ್ದಳು. ತನ್ನ ಹಾಡನ್ನು ಅಪ್ಪನೇ ತನ್ನ ಕೈಯಾರೆ ಕೆಳಗಿಳಿಸಿದ್ದನ್ನು ಓದಿ ಹಿಂದಿರುಗಿದ್ದಳು. ಅವನು ಅವಳನ್ನು ಕರೆದ ಒಂದೇ ಒಂದು ಸಲ, ಅವಳ ಕಣ್ಣಿಗೆ ಅದು ಬಾಗಿಲು ಹಾಕಿದ ಹಾಗೆ ಕಂಡಿತು.

ಆ ಭಾನುವಾರ 'ಸಿಲ್ವರ್ ಟ್ರಾಮ್' ಅನ್ನು ಮತ್ತೆ ಮೇಲೆ ಹಾಕಿದೆ. ಅಕ್ಷರಗಳನ್ನು ಎಷ್ಟು ದೊಡ್ಡದಾಗಿ ಬರೆದೆನೆಂದರೆ ಉಳಿದ ಒಂಬತ್ತಕ್ಕೆ ಜಾಗ ಸಾಲಲಿಲ್ಲ. ಫೆಬ್ರವರಿಯಲ್ಲಿ ಬೆಟ್ಟದ ರಸ್ತೆಯ ಹಿಮದಲ್ಲಿ ಆ ಬ್ಯಾಂಡಿನ ವ್ಯಾನು ಉರುಳಿತು. ಉಳಿದವರಿಗೆ ಕೈಕಾಲು ಮುರಿಯಿತು. ಲೊರೇನ್ ಉಳಿಯಲಿಲ್ಲ. ಸುದ್ದಿ ತಂದ ಪೊಲೀಸಿನವನು ಬಾಗಿಲು ತಟ್ಟಿದಾಗ ಅಪ್ಪ, "ಬಂದೆ ಬಂದೆ, ಚಿಲಕ ಹಾಕಿಲ್ಲ, ತಳ್ಳು!" ಅಂತ ಖುಷಿಯಲ್ಲಿ ಕೂಗಿದ್ದು ಈಗಲೂ ನನ್ನ ಕಿವಿಯಲ್ಲಿದೆ.

ಅವತ್ತಿನಿಂದ ನಮ್ಮ ಕಿಟಕಿಗೆ ಕಾಗದ ಬೀಳಲಿಲ್ಲ. ಅಪ್ಪ ತಾನು ಬರೆದ ಹಾಳೆಯನ್ನು ಮಾತ್ರ ಮಡಿಚಿ ಇಟ್ಟುಕೊಂಡ. ಅವನ ಪಾಲಿಗೆ ಉಳಿದ ಸಮಾಧಾನವೂ ಅದೇ, ಸಂಕಟವೂ ಅದೇ. ಪ್ರತಿ ಕ್ರಿಸ್‌ಮಸ್ಸಿಗೆ, ಎರಡು ಗ್ಲಾಸು ರಮ್ ಇಳಿದ ಮೇಲೆ ಹೇಳುತ್ತಿದ್ದ: "ಒಂದೇ ಒಂದ್ಸಲ ಈ ಕಡೆ ಬಂದಿದ್ರೆ ಸಾಕಿತ್ತು. ಅವ್ಳ ಹಾಡು ಮೇಲಿರೋದನ್ನ ನೋಡಿ ಬಾಗ್ಲು ತಟ್ಟಿರೋಳು." ನಾನು ಪಾತ್ರೆ ತೆಗೆಯುವ ನೆಪ ಹೂಡಿ ಅಡುಗೆಮನೆಗೆ ಹೋಗುತ್ತಿದ್ದೆ. ಹೇಳಿದರೆ ಅವನು ಬದುಕುತ್ತಿರಲಿಲ್ಲ. ವಿನ್ನಿ ಆಂಟಿಯ ಕೈ ಹಿಡಿದು ಮಾತು ತೆಗೆದುಕೊಂಡಿದ್ದೆ. ಬೀದಿಯ ಗುಟ್ಟನ್ನೆಲ್ಲ ರಟ್ಟು ಮಾಡುತ್ತಿದ್ದ ಆ ಹೆಂಗಸು ಇದೊಂದನ್ನು ಮಾತ್ರ ಹೊಟ್ಟೆಯಲ್ಲಿಟ್ಟುಕೊಂಡೇ ಹೋದಳು.

ಕಳೆದ ವರ್ಷ, ಅವನ ಎಂಬತ್ತಾರನೇ ವಯಸ್ಸಿನಲ್ಲಿ, ಅಪ್ಪನನ್ನು ವೃದ್ಧರ ಮನೆಗೆ ಸೇರಿಸಬೇಕಾಯಿತು. ಭಾನುವಾರ ಮಧ್ಯಾಹ್ನ ನಾನು ಹೋಗುತ್ತಿದ್ದೆ. ಕೊನೆಯ ಭಾನುವಾರ ಅವನು ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದ. ಮೈಯಲ್ಲಿ ಏನೂ ಉಳಿದಿರಲಿಲ್ಲ, ತಲೆ ಮಾತ್ರ ಚುರುಕಾಗಿತ್ತು.

"ಗೇಲ್, ನಿಜ ಹೇಳು. ನಾನಿನ್ನು ಹೊರಡೋನು. ಆ ಕಾಗದ ಅವ್ಳು ನೋಡಿದ್ಲಾ?"

ಗೊತ್ತಿಲ್ಲ ಅನ್ನಬೇಕೆಂದಿದ್ದೆ. ಬಾಯಿ ಬೇರೆಯೇ ಹೇಳಿತು. "ನೋಡಿದ್ಲು ಅಪ್ಪಾ."

ಅವನು ಕುರ್ಚಿಯ ಕೈ ಹಿಡಿದುಕೊಂಡ. "ಯಾರು ಹೇಳಿದ್ರು?"

"ವಿನ್ನಿ ಆಂಟಿ. ಫೋನ್ ಡಬ್ಬಿ ಹತ್ರ ನಿಂತು ಪೂರ್ತಿ ಓದಿದ್ಲಂತೆ."

"ನನ್ ಅಕ್ಷರ ಅಂತ ಗೊತ್ತಾಯ್ತಾ ಅವ್ಳಿಗೆ?"

"ನಿನ್ ಅಕ್ಷರ ಕುರುಡರಿಗೂ ಗೊತ್ತಾಗುತ್ತೆ ಅಪ್ಪಾ."

ಇಲ್ಲಿಯವರೆಗೆ ನಾನು ಒಂದು ಸುಳ್ಳನ್ನೂ ಆಡಿರಲಿಲ್ಲ. ಅವನು ಕೇಳಿದ: "ಮತ್ತೆ ಯಾಕೆ ಬಾಗ್ಲು ತಟ್ಲಿಲ್ಲ?"

"ತಟ್ಟಿದ್ಲು," ಅಂದೆ. "ತಟ್ಟಿದ್ಲು ಅಪ್ಪಾ. ನೀನು ಆಸ್ಪತ್ರೇಲಿದ್ದೆ, ನನ್ ಹತ್ರ. ಮನೇಲಿ ಯಾರೂ ಇರ್ಲಿಲ್ಲ. ಈಸ್ಟರ್‌ಗೆ ಬರ್ತೀನಿ ಅಂತ ಅಪ್ಪನಿಗೆ ಹೇಳಿ ಅಂದ್ಲಂತೆ."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ನೀನು?"

"ನನ್ನ ನೋಡೋಕೆ ಬಂದಿದ್ರಿಂದ ಅವ್ಳು ನಿನ್ ಕೈತಪ್ಪಿದ್ಲಲ್ಲ. ಹೇಳೋಕೆ ಬಾಯಿ ಬರ್ಲಿಲ್ಲ."

"ಹುಚ್ಚು ಹುಡ್ಗಿ," ಅಂದ ಅಪ್ಪ. ನನಗೆ ಮೊಮ್ಮಕ್ಕಳಿದ್ದಾರೆ. "ನಿನ್ ಹೊಟ್ಟೆ ಕೊಯ್ದಿದ್ರು. ನಾನು ಇನ್ನೆಲ್ಲಿರ್ಬೇಕಿತ್ತು?" ಆಮೇಲೆ ತನಗೆ ತಾನೇ ಅನ್ನುವ ಹಾಗೆ, "ತಟ್ಟಿದ್ಲಾ," ಅಂದ.

"ತಟ್ಟಿದ್ಲು."

"ಸರಿ ಹಾಡನ್ನೇ ಹಾಕಿದ್ದೆ ಹಾಗಾದ್ರೆ."

"ಸರಿಯಾದ್ದನ್ನೇ ಹಾಕಿದ್ದೆ ಅಪ್ಪಾ."

ಐದಾಗುತ್ತಿತ್ತು. ಹೊರಗೆ ಬಂದು ಕಾರಿನ ಬಾಗಿಲು ತೆಗೆಯುವಾಗ ಯಾಕೋ ತಿರುಗಿ ನೋಡಿದೆ. ಕಿಟಕಿಯ ಗಾಜಿನ ಹಿಂದೆ ಅಪ್ಪ ಕೈ ಎತ್ತಿದ್ದ. ಜನ್ಮದಲ್ಲಿ ಯಾರಿಗೂ ಕೈ ಬೀಸದವನು, ಬೀಸಿದ ಮಕ್ಕಳ ಕೈಗೆ ಹೊಡೆದವನು, ನಿಧಾನವಾಗಿ ಆ ಕಡೆ ಈ ಕಡೆ ಬೀಸುತ್ತಿದ್ದ. ಅದರ ಅರ್ಥ ನಮ್ಮಿಬ್ಬರಿಗೂ ಗೊತ್ತಿತ್ತು. ಗುರುವಾರ ಅವನು ತೀರಿಕೊಂಡ.

ನಾನೂ ಬೀಸಿದೆ. ಲೊರೇನ್‌ಗೆ ಅಂದು ಬೀಸದೆ ಜೇಬಿನಲ್ಲಿಟ್ಟುಕೊಂಡಿದ್ದ ಕೈ ಅದು.