ಇಬ್ಬರೂ ಇರುವ ಫೋಟೋ

ಪಾಸ್‌ಪೋರ್ಟ್ ಫೋಟೋ ತೆಗೆಯುವ ಆ ಪುಟ್ಟ ಸ್ಟುಡಿಯೋದಲ್ಲಿ ಅಕ್ಕ ಕ್ಯಾಮೆರಾ ಹಿಡಿಯುತ್ತಿದ್ದಳು, ತಂಗಿ ಕಂಪ್ಯೂಟರಿನ ಮುಂದೆ ಕೂತು ಮುಖಗಳನ್ನು ತಿದ್ದುತ್ತಿದ್ದಳು. ಊರಿನ ಅರ್ಧ ಜನರ ಮೊಡವೆ, ಕಲೆ, ಕಣ್ಣಡಿಯ ಕಪ್ಪು ಅವಳ ಬೆರಳಿನಡಿ ಅಳಿಸಿಹೋಗಿದ್ದವು. ಇಷ್ಟಿದ್ದೂ ಅಕ್ಕತಂಗಿ ಒಟ್ಟಿಗಿರುವ ಒಂದು ಫೋಟೋ ಅಂಗಡಿಯಲ್ಲಿರಲಿಲ್ಲ, ಮನೆಯಲ್ಲೂ ಇರಲಿಲ್ಲ. ದೀಪದ ಬುಡದಲ್ಲಿ ಕತ್ತಲು ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಈಗ ಅದು ಬೇಕಾಗಿತ್ತು, ಇವತ್ತೇ ಬೇಕಾಗಿತ್ತು. ತಂಗಿಯ ಎಡ ದವಡೆಯಲ್ಲಿ ಗಡ್ಡೆ ಬೆಳೆದಿತ್ತು. ಬೆಳಗಾದರೆ ಆಸ್ಪತ್ರೆಗೆ ಸೇರಬೇಕು. ದವಡೆಯ ಒಂದು ಭಾಗ ತೆಗೆಯುತ್ತೇವೆ, ಮುಖ ಮೊದಲಿನಂತೆ ಇರುವುದಿಲ್ಲ ಅಂತ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ತಂಗಿ ಅತ್ತಿರಲಿಲ್ಲ. "ಅದಕ್ಕೆ ಮೊದಲು ನಿನ್ ಜೊತೆ ಒಂದು ಫೋಟೋ ಬೇಕು ಅಕ್ಕ, ಅಷ್ಟೇ," ಅಂದಿದ್ದಳು. ತೆಗೆಯಲು ಹೊರಗಿನವರನ್ನು ಕರೆಯಬಾರದು ಅನ್ನುವುದು ಅವಳ ಷರತ್ತು. ಕ್ಯಾಮೆರಾದೊಳಗಿನ ಟೈಮರ್ ಕೊಡುವ ಹತ್ತು ಸೆಕೆಂಡು ಅಕ್ಕನ ಮೊಣಕಾಲಿಗೆ ಎಲ್ಲಿ ಸಾಕು? ಪ್ರಯತ್ನಿಸಿದಾಗಲೆಲ್ಲ ಅವಳ ಬೆನ್ನೇ ಬಂದಿತ್ತು. ಹಾಗಾಗಿ ವೈರ್‌ಲೆಸ್ ರಿಮೋಟ್ ಟೈಮರ್ ಅಂಗಡಿಗೆ ಬಂತು.

ಮಧ್ಯಾಹ್ನ ಅಂಗಡಿಯ ಶಟರ್ ಅರ್ಧ ಎಳೆದು ಅಕ್ಕ ಡಬ್ಬ ಬಿಚ್ಚಿದಳು. ಒಂದು ತುಂಡನ್ನು ಕ್ಯಾಮೆರಾದ ನೆತ್ತಿಗೆ ಸಿಕ್ಕಿಸಿ, ಗೇಣುದ್ದದ ವೈರಿನಿಂದ ಪಕ್ಕದ ತೂತಿಗೆ ಜೋಡಿಸಬೇಕು. ಇನ್ನೊಂದು ಕೈಯಲ್ಲಿರಬೇಕು. ಎರಡರಲ್ಲೂ ಒಂದೇ ಚಾನೆಲ್ ಇಡಬೇಕು. ಸೂಚನೆಯ ಚೀಟಿಯನ್ನು ಅವಳು ಕೊನೆಯ ಸಾಲಿನವರೆಗೂ ಗಟ್ಟಿಯಾಗಿ ಓದಿದಳು. ಬಹಳ ದಿನ ಬಳಸದಿದ್ದರೆ ಬ್ಯಾಟರಿ ತೆಗೆದಿಡಿ ಅಂತ ಇತ್ತು. ಅದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಎರಡು ದಿನ ಮನೆಗೆ ಬೀಗ ಹಾಕಿದರೂ ಗೋಡೆ ಗಡಿಯಾರದ ಬ್ಯಾಟರಿ ಕಿತ್ತಿಡುವ ಹೆಂಗಸು ಅವಳು.

ತಂಗಿ ಬೂದು ಪರದೆಯ ಮುಂದಿನ ಬೆಂಚಿನ ನಡುವೆ ಕೂತಳು. ಅಕ್ಕ ಕ್ಯಾಮೆರಾದ ಪಕ್ಕ ನಿಂತು ರಿಮೋಟಿನ ಗುಂಡಿ ಒತ್ತಿದಳು. ಐದು ಸೆಕೆಂಡು ಎಣಿಸಿ ಕ್ಯಾಮೆರಾ ಟಿಕ್ ಅಂದಿತು.

"ನೋಡಿದ್ಯಾ, ಎಷ್ಟು ಸಲೀಸು," ಎಂದು ಅಕ್ಕ ಬಂದು ತಂಗಿಯ ಎಡಕ್ಕೆ ಕೂತಳು. ತಂಗಿ ಸರಿದು ಜಾಗ ಕೊಟ್ಟಳು. ಅಕ್ಕ ಗುಂಡಿ ಒತ್ತಿ, ರಿಮೋಟನ್ನು ಮಡಿಲಲ್ಲಿ ಅಡಗಿಸಿ, ನಕ್ಕಳು. ಐದಾಯಿತು, ಹತ್ತಾಯಿತು. ನಗು ಮುಖದ ಮೇಲೆ ಒಣಗಿತು, ಟಿಕ್ ಬರಲಿಲ್ಲ.

ಅಕ್ಕ ಎದ್ದರೆ ತಂಗಿ ಮತ್ತೆ ನಡುವಿಗೆ ಬರುತ್ತಿದ್ದಳು. ಕ್ಯಾಮೆರಾದ ಪಕ್ಕ ನಿಂತು ಒತ್ತಿದರೆ ಟಿಕ್. ಬಂದು ಕೂತು ಒತ್ತಿದರೆ ಮೌನ. ದೂರ ಜಾಸ್ತಿಯಾಯಿತೇನೋ ಎಂದು ಟ್ರೈಪಾಡನ್ನು ಹತ್ತಿರಕ್ಕೆಳೆದಳು. ಚಾನೆಲ್ ಬದಲಿಸಿದಳು. ಹೊಸ ಬ್ಯಾಟರಿ ಹಾಕಿದಳು. ವೈರು ಕಿತ್ತು, ಊದಿ, ಮತ್ತೆ ಸಿಕ್ಕಿಸಿದಳು. ಪ್ರತಿ ಸಲ ಏಳುವಾಗಲೂ ಮೊಣಕಾಲು ಕಟಕ್ ಅನ್ನುತ್ತಿತ್ತು.

"ದರಿದ್ರದ್ದು. ಸಿಗ್ನಲ್ಲೇ ಹೋಗಲ್ಲ."

"ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ," ಅಂದಳು ತಂಗಿ, ಬಾಯಿ ಪೂರ್ತಿ ತೆರೆಯದೆ. "ಫೋನಲ್ಲೇ ತೆಗೆದುಬಿಡು ಅಕ್ಕ."

"ಸ್ಟುಡಿಯೋ ಇಟ್ಕೊಂಡು ಫೋನಲ್ಲಾ? ಸುಮ್ನೆ ಕೂತ್ಕೊ."

ಅಕ್ಕನಿಗೆ ಸಾಕಾಗಿತ್ತು. ಸಿಟ್ಟು ರಿಮೋಟಿನ ಮೇಲಲ್ಲ ಅಂತ ಅವಳಿಗೂ ಗೊತ್ತಿತ್ತು. ಡಾಕ್ಟರ ಮುಂದೆ ತಲೆಯಾಡಿಸಿ ಬಂದವಳಿಗೆ ಬೈಯಲು ಸಿಕ್ಕಿದ್ದು ಈ ಪ್ಲಾಸ್ಟಿಕ್ ತುಂಡೊಂದೇ. ಇಂದು ಫೋಟೋ ಬರದಿದ್ದರೆ ಆ ಮುಖ ತನ್ನ ಪಕ್ಕದಲ್ಲಿ ಇನ್ನೆಂದೂ ಸಿಗುವುದಿಲ್ಲ.

"ಈ ಫ್ಯಾನಿಂದ ಏನಾದ್ರೂ ತೊಂದ್ರೆ ಆಗ್ತಿದ್ಯಾ ನೋಡೋಣ," ಎಂದು ಫ್ಯಾನ್ ಆರಿಸಿ ಬಂದು ಕೂತು ಮತ್ತೆ ಒತ್ತಿದಳು.

ಫ್ಯಾನಿನ ಗಲಾಟೆ ನಿಂತಿದ್ದರಿಂದ ಈಗ ಕೇಳಿಸಿತು. ಲೆನ್ಸು ಗುರ್ ಅಂತ ಮುಂದೆ ಹೋಯಿತು, ಗುರ್ ಅಂತ ಹಿಂದೆ ಬಂತು, ಸುಮ್ಮನಾಯಿತು. ಅಕ್ಕ ಹಣೆ ಚಚ್ಚಿಕೊಂಡಳು. ರಿಮೋಟು ಪಾಪ, ತನ್ನ ಕೆಲಸ ಮಾಡುತ್ತಲೇ ಇತ್ತು. ಫೋಕಸ್ ಸಿಗದಿದ್ದರೆ ಕ್ಯಾಮೆರಾ ಫೋಟೋ ತೆಗೆಯಬಾರದು, ಹುಡುಕುವುದೂ ನಟ್ಟನಡುವೆಯೇ ಹುಡುಕಬೇಕು ಅಂತ ಸೆಟ್ ಮಾಡಿಟ್ಟವಳು ಅವಳೇ. ಪಾಸ್‌ಪೋರ್ಟ್ ಫೋಟೋದಲ್ಲಿ ಮುಖ ನಡುವೆ ಬಿಟ್ಟು ಇನ್ನೆಲ್ಲಿರುತ್ತದೆ? ತಂಗಿ ಒಬ್ಬಳೇ ಕೂತಾಗ ನಡುವೆ ಅವಳ ಮುಖವಿತ್ತು. ಇಬ್ಬರೂ ಕೂತಾಗ ನಡುವೆ ಬರಿಯ ಬೂದು ಪರದೆ.

"ಯಾಕೇ ಅಷ್ಟು ದೂರ ಸರೀತೀಯ?" ಅಕ್ಕ ಕೇಳಿದಳು.

"ನಿನ್ ಭುಜ ದವಡೆಗೆ ತಾಗಿದ್ರೆ ನೋಯತ್ತೆ."

"ಮೊದ್ಲೇ ಹೇಳಬಾರದಾ?"

"ನೀನು ಅದನ್ನ ಮುಚ್ಚೋಕೇ ಆ ಕಡೆ ಕೂತಿದ್ದು. ಹೇಗೆ ಹೇಳ್ಲಿ?"

ತಂಗಿಯ ಮಾತು ನಿಜವಾಗಿತ್ತು. ಗಿರಾಕಿಯ ಊನವಿರುವ ಕಡೆ ನೆರಳು ಬೀಳಿಸುವುದು, ಏನಾದರೂ ಅಡ್ಡ ಇಡುವುದು ಅವಳ ಕೈಗೆ ಹತ್ತಿದ ಕೆಲಸ. ಇಂದು ತನ್ನ ತಲೆಯನ್ನೇ ಅಡ್ಡ ಇಟ್ಟಿದ್ದಳು.

"ಜನ್ಮವೆಲ್ಲ ಮುಖ ತಿದ್ದಿದ್ದೀನಿ ಅಕ್ಕ," ಅಂದಳು ತಂಗಿ. "ನಂದೊಂದು ಹೇಗಿದೆಯೋ ಹಾಗೇ ಇರ್ಲಿ. ನಾಳೆಗೆ ಇದೂ ಇರಲ್ಲ."

ಕ್ಯಾಮೆರಾದ ಫೋಕಸನ್ನು ಕೈಯಿಂದಲೇ ಕೂರಿಸಿಬಿಡಬಹುದಿತ್ತು, ಒಂದು ಬೆರಳಿನ ಕೆಲಸ. ಅಕ್ಕ ಎದ್ದವಳು ಕ್ಯಾಮೆರಾದ ಹತ್ತಿರ ಹೋಗಲಿಲ್ಲ. ಬೆಂಚನ್ನು ಸುತ್ತಿ ಬಂದು, ತಂಗಿಯನ್ನು ನಡುವಿಗೆ ಸರಿಸಿ, ಅವಳ ಬಲಕ್ಕೆ ಕೂತಳು. ಊದಿದ ಕೆನ್ನೆ ಬೆಳಕಿಗೆ ಪೂರ್ತಿ ತೆರೆದುಕೊಂಡಿತು. ನೋವಿಲ್ಲದ ಕೆನ್ನೆಗೆ ಅಕ್ಕ ತನ್ನ ಕೆನ್ನೆ ತಾಗಿಸಿದಳು. ಜ್ವರ ಬಂದಂತೆ ಬಿಸಿಯಾಗಿತ್ತು. ಒತ್ತಿದಳು. ಐದಕ್ಕೆ ಸರಿಯಾಗಿ ಟಿಕ್ ಅಂದಿತು.

ಕಂಪ್ಯೂಟರಿನಲ್ಲಿ ತೆರೆದ ಫೋಟೋದಲ್ಲಿ ಅಕ್ಕನ ಕಣ್ಣು ಕೆಂಪಾಗಿತ್ತು, ಕೂದಲು ಕೆದರಿತ್ತು. ತಂಗಿ ಬಾಯಿಯ ಒಂದೇ ಬದಿಯಿಂದ ನಗುತ್ತಿದ್ದಳು. ಅವಳ ಕೈ ಅಭ್ಯಾಸಬಲದಿಂದ ಮೌಸಿನ ಮೇಲೆ ಹೋಯಿತು. ಏನನ್ನೂ ಅಳಿಸದೆ ಪ್ರಿಂಟ್ ಕೊಟ್ಟಳು.

ಅಕ್ಕ ರಿಮೋಟನ್ನು ಡಬ್ಬಕ್ಕೆ ಹಾಕಿ ಡ್ರಾಯರಿನಲ್ಲಿಟ್ಟಳು.

"ಬ್ಯಾಟರಿ ತೆಗೀಲಿಲ್ವಲ್ಲ," ಅಂದಳು ತಂಗಿ. "ಚೀಟೀಲಿ ಬರ್ದಿದೆ, ನೀನೇ ಓದಿದ್ದೆ."

"ಬಹಳ ದಿನ ಬಳಸದಿದ್ದರೆ ಅಂತ ಬರ್ದಿದೆ," ಎಂದು ಅಕ್ಕ ಡ್ರಾಯರ್ ಮುಚ್ಚಿದಳು.