ವಿನ್ನಿಯನ್ನು ಎತ್ತುವ ಪದ್ಧತಿ

ಊರ ಸಭೆಯ ಹಿಂದಿನ ದಿನ ಮಧ್ಯಾಹ್ನದಿಂದಲೇ ನನ್ನಕ್ಕ ವಿನ್ನಿ ನೀರು ಕುಡಿಯುವುದನ್ನು ನಿಲ್ಲಿಸುತ್ತಿದ್ದಳು. ಮರುದಿನ ಬೆಳಿಗ್ಗೆ ನಾನು ಹಾಲು ಕರೆದು ಕೊಟ್ಟಿಗೆಯಿಂದ ಬರುವ ಹೊತ್ತಿಗೆ ನೀಲಿ ಸ್ವೆಟರ್ ತೊಟ್ಟು, ತಲೆ ಬಾಚಿ, ಅಡುಗೆಮನೆಯ ಮೇಜಿನ ಮುಂದೆ ಗಾಲಿಕುರ್ಚಿಯಲ್ಲಿ ಸಿದ್ಧಳಾಗಿ ಕೂತಿರುತ್ತಿದ್ದಳು. ನನಗೆ ಕಾಫಿ ಬಗ್ಗಿಸಿ ಕೊಡುವಳು. ತಾನು ಮಾತ್ರ ಬರೀ ವಾಸನೆ ನೋಡುವಳು.

"ಒಂದು ಗುಟುಕಾದ್ರೂ ಕುಡಿಯೇ," ಅನ್ನುತ್ತಿದ್ದೆ.

"ಕುಡಿದು ಎಲ್ಲಿಗೆ ಹೋಗ್ಲೋ? ನೀವು ನಾಲ್ಕು ಜನ ಪಾಯಖಾನೆಗೂ ಹೊತ್ಕೊಂಡು ಹೋಗ್ತೀರಾ?"

ನಾನು ನಗುತ್ತಿದ್ದೆ. ಇಪ್ಪತ್ತೆರಡು ವರ್ಷ ನಕ್ಕೆ. ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಅಮೆರಿಕದ ವರ್ಮಾಂಟಿನ ನಮ್ಮ ಬೆಟ್ಟದೂರಿನಲ್ಲಿ ಮಾರ್ಚ್ ತಿಂಗಳ ಮೊದಲ ಮಂಗಳವಾರ ಊರಿಗೆ ಊರೇ ಸಭಾಭವನದಲ್ಲಿ ಸೇರುತ್ತದೆ. ರಸ್ತೆ, ಶಾಲೆ, ತೆರಿಗೆ ಎಲ್ಲವನ್ನೂ ಅಲ್ಲೇ ಜಗಳವಾಡಿ, ಅಲ್ಲೇ ಮತ ಹಾಕಿ ತೀರ್ಮಾನಿಸುತ್ತೇವೆ. ಸಭೆಯಲ್ಲಿ ಇದ್ದವರಿಗಷ್ಟೇ ಮತ. ಆ ಸಭಾಂಗಣಕ್ಕೋ ಹದಿನಾಲ್ಕು ಕಲ್ಲಿನ ಮೆಟ್ಟಿಲು. ಪಾಯಖಾನೆ, ಅಡುಗೆಕೋಣೆ ಎರಡೂ ನೆಲಮಾಳಿಗೆಯಲ್ಲಿ. ಅಲ್ಲಿಂದ ಮೇಲೆ ಬರಲು ಇನ್ನೊಂದು ಇಕ್ಕಟ್ಟಾದ ಮೆಟ್ಟಿಲು.

ಒಂಬತ್ತನೇ ವಯಸ್ಸಿನಲ್ಲಿ ವಿನ್ನಿಗೆ ಪೋಲಿಯೋ ಬಂತು. ಅವಳಿಗೆ ಮೂವತ್ತೊಂದಾದಾಗ ಊರಿನ ಬೆಂಕಿ ಆರಿಸುವ ತಂಡದ ನಾವು ನಾಲ್ವರು ಅವಳನ್ನು ಕುರ್ಚಿ ಸಮೇತ ಮೇಲಕ್ಕೆ ಹೊತ್ತೆವು. ಒಳಗಿದ್ದವರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ಅಂದಿನಿಂದ ಅದೇ ಪದ್ಧತಿಯಾಯಿತು. ವಿನ್ನಿಯನ್ನು ಎತ್ತದೆ ಸಭೆ ಶುರುವಾಗುವುದಿಲ್ಲ ಎಂದು ನಮ್ಮವರು ಪಕ್ಕದೂರಿನವರ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದರು. ಕುರ್ಚಿಯ ಹಿಂದಿನ ಎಡಮೂಲೆ ನನ್ನ ಪಾಲಿಗಿತ್ತು. ಆ ಚಪ್ಪಾಳೆಯಲ್ಲಿ ಕಾಲುಪಾಲು ನನ್ನದೆಂದು ನಾನೂ ಎದೆಯುಬ್ಬಿಸುತ್ತಿದ್ದೆ. ಎತ್ತುವಾಗ ವಿನ್ನಿ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಸಭೆ ಮುಗಿಯುವವರೆಗೆ, ಆರು ತಾಸಾಗಲಿ ಏಳಾಗಲಿ, ನಾವು ಇಟ್ಟ ಜಾಗದಲ್ಲೇ ಇರುತ್ತಿದ್ದಳು.

ಐದು ವರ್ಷದ ಹಿಂದೆ ಒಂಬತ್ತನೇ ಮೆಟ್ಟಿಲ ಮೇಲೆ ಮಂಜುಗಡ್ಡೆ ಕಟ್ಟಿತ್ತು. ನಮ್ಮ ನಾಲ್ವರಲ್ಲಿ ಒಬ್ಬನಾದ ಲಾಯ್ಡ್‌ನ ಕಾಲು ಜಾರಿ ಕುರ್ಚಿ ವಾಲಿತು. ವಿನ್ನಿಯ ಮಣಿಕಟ್ಟು ಮುರಿಯಿತು. ಆ ವರ್ಷದ ಊರ ವರದಿಯಲ್ಲಿ 'ಹೊರುವ ಮಹನೀಯರಿಗೆ ಕೃತಜ್ಞತೆ' ಎಂದು ಅಚ್ಚಾಯಿತು. ಮಣಿಕಟ್ಟಿನ ಸುದ್ದಿ ಎಲ್ಲೂ ಇರಲಿಲ್ಲ.

ಕೈ ವಾಸಿಯಾದ ಮೇಲೆ ಅವಳು ಒಂದು ಅರ್ಜಿ ಬರೆದಳು: ಸಭಾಭವನಕ್ಕೆ ಗಾಲಿಕುರ್ಚಿ ಹತ್ತುವಂಥ ಇಳಿಜಾರು ರ್‍ಯಾಂಪು ಕಟ್ಟಬೇಕು, ಬಾಗಿಲ ಪಕ್ಕದಲ್ಲೇ ಒಂದು ಪಾಯಖಾನೆ ಬೇಕು. ಮೂರು ಸಭೆಗಳಲ್ಲಿ ಅದು ಬಂತು. ಮೂರರಲ್ಲೂ ಅಧ್ಯಕ್ಷ ಹಾರ್ಲನ್ ಪಿಕೆಟ್ 'ಮುಂದಿನ ವರ್ಷ ನೋಡೋಣ' ಎಂದು ದಾಟಿಸಿದ. ಬೆಂಕಿ ತಂಡದ ಮುಖ್ಯಸ್ಥನೂ, ಹೊರುವ ನಾಲ್ವರಲ್ಲಿ ಒಬ್ಬನೂ ಅವನೇ. ಕೆಟ್ಟವನಲ್ಲ; ನಮ್ಮ ಕೊಟ್ಟಿಗೆಗೆ ಬೆಂಕಿ ಬಿದ್ದಾಗ ಹಸುಗಳನ್ನು ಹೊರಗೆಳೆದವನು.

ನಾಲ್ಕನೇ ವರ್ಷ ಸಭೆಗೆ ಎರಡು ದಿನ ಮುಂಚೆ ಅವನು ಮನೆಗೆ ಬಂದು ಸೇಬಿನ ಪೈ ಮುಂದಿಟ್ಟುಕೊಂಡು ಕೂತ.

"ವಿನ್ನಿ, ಆ ಅರ್ಜಿ ವಾಪಸ್ ತಗೋ. ನೂರೈವತ್ತು ವರ್ಷದ ಕಟ್ಟಡ. ಅದರ ಮೂತಿಗೆ ಸಿಮೆಂಟು ಬಳಿಯೋಕಾಗುತ್ತಾ?"

"ಮೂತಿಗೆ ಬೇಡ, ಪಕ್ಕಕ್ಕೆ ಕಟ್ಟಿ."

"ಒಬ್ಬಳಿಗೋಸ್ಕರ ಅಷ್ಟೆಲ್ಲ ಯಾಕೆ? ನಮ್ಮ ಎಂಟು ಕೈ ಇಲ್ವಾ? ಯಾವತ್ತಾದ್ರೂ ಒಲ್ಲೆ ಅಂದಿದ್ದೀವಾ?"

"ಇಲ್ಲ. ಒಲ್ಲೆ ಅನ್ನೋ ಅಧಿಕಾರ ನಿಮ್ಮ ಕೈಲೇ ಇದೆಯಲ್ಲ, ಅದೇ ನನಗೆ ಕಷ್ಟ. ಹಾರ್ಲನ್, ಹೋದ ವರ್ಷ ತೆರಿಗೆ ವಿಚಾರದಲ್ಲಿ ನೀನು ಹೇಳಿದ್ದು ಶುದ್ಧ ತಪ್ಪು. ಆದ್ರೂ ನಾನು ಬಾಯಿ ಬಿಡ್ಲಿಲ್ಲ, ಯಾಕೆ ಗೊತ್ತಾ? ಕೆಳಗಿಳಿಸೋನು ನೀನು. ನನ್ನನ್ನ ಹೊರೋರ ಹತ್ರ ಹೇಗೆ ಜಗಳ ಆಡ್ಲಿ?"

ಅವನ ಮುಖ ಕೆಂಪೇರಿತು. "ಇಷ್ಟು ವರ್ಷ ಮಾಡಿದ್ದಕ್ಕೆ ಒಳ್ಳೆ ಮರ್ಯಾದೆ ಕೊಟ್ಟೆ," ಎಂದು ಪೈ ಅರ್ಧಕ್ಕೇ ಬಿಟ್ಟು ಎದ್ದು ಹೋದ.

"ನಿನಗೆ ಬೇಕಾಗಿರೋದಾದ್ರೂ ಏನು ಹೇಳು?" ನನಗೂ ರೇಗಿತ್ತು.

ವಿನ್ನಿ ಕಿಟಕಿಯ ಕಡೆ ತಿರುಗಿದಳು. "ಬೇಕಾದಾಗ ಒಳಗೆ ಹೋಗ್ಬೇಕು. ಬೇಜಾರಾದ್ರೆ ಹೊರಗೆ ಬರ್ಬೇಕು. ಅಷ್ಟೇ ಕಣೋ ಆರ್ವಿಲ್. ಹದಿನೇಳನೇ ವಯಸ್ಸಿನಿಂದ ಇದೊಂದೇ ಆಸೆ."

ಅವಳ ಹದಿನೇಳನೇ ವಯಸ್ಸು ನನಗೆ ಚೆನ್ನಾಗಿ ನೆನಪಿದೆ. ಆಗ ಶನಿವಾರ ಸಂಜೆ ಅದೇ ಭವನದಲ್ಲಿ ಕುಣಿತ ನಡೆಯುತ್ತಿತ್ತು. ಅಪ್ಪ ಟ್ರಕ್ಕನ್ನು ಮೆಟ್ಟಿಲ ಕೆಳಗೆ ನಿಲ್ಲಿಸುತ್ತಿದ್ದ. ವಿನ್ನಿ ಕಿಟಕಿಯ ಗಾಜು ಅರ್ಧ ಇಳಿಸಿ ಪಿಟೀಲು ಕೇಳುತ್ತಾ ಕೂರುವಳು. ಹದಿನಾಲ್ಕರ ಹುಡುಗ ನಾನು ಮೇಲೆ ಹೋಗಿ ಬೆವರು ಕಿತ್ತು ಬರುವಂತೆ ಕುಣಿದು, ಅವಳಿಗೊಂದು ತುಂಡು ಕೇಕು ಹಿಡಿದು ಇಳಿಯುತ್ತಿದ್ದೆ. "ಒಳಗೆ ಹೇಗಿದೆಯೋ?" ಎಂದು ಕೇಳುವಳು. ಅವಳಿಗೆ ನೋವಾಗಬಾರದೆಂದು "ಏನಿಲ್ಲ, ಬರೀ ಸೆಕೆ," ಎನ್ನುತ್ತಿದ್ದೆ. ಅವಳು ನನ್ನ ಕಣ್ಣಿನ ಹೊಳಪನ್ನು ನೋಡಿ ಕೇಕು ಮುರಿದು ಬಾಯಿಗಿಡುತ್ತಿದ್ದಳು.

ಮಂಗಳವಾರ ಬಂತು. ನಾಲ್ವರೂ ಕೈಗವಸು ಹಾಕಿಕೊಂಡು ಮೆಟ್ಟಿಲ ಕೆಳಗೆ ಕುರ್ಚಿಯ ಸುತ್ತ ನಿಂತೆವು. ವಿನ್ನಿ ಗಾಲಿಗಳ ತಡೆ ಎಳೆದಳು.

"ಇವತ್ತು ಎತ್ಬೇಡಿ."

"ಹಾಗಂದ್ರೆ? ಮತ ಹಾಕಲ್ವಾ?" ಹಾರ್ಲನ್ ಕೇಳಿದ.

"ಹಾಕ್ತೀನಿ. ಇಲ್ಲಿಂದ."

"ಇಲ್ಲಿಂದ ಆಗಲ್ಲ ಅಂತ ನಿನಗೂ ಗೊತ್ತು. ಹಟ ಮಾಡ್ಬೇಡ, ಚಳಿ ಇದೆ."

"ಹಾಗಾದ್ರೆ ಬೇಗ ಮುಗಿಸಿ," ಎಂದಳು ವಿನ್ನಿ. ಚೀಲದಿಂದ ಫ್ಲಾಸ್ಕು ತೆಗೆದು, ನಮ್ಮೆದುರೇ ಬಟ್ಟಲ ತುಂಬ ಕಾಫಿ ಬಗ್ಗಿಸಿಕೊಂಡು ಕುಡಿದಳು. ಅಂದು ಅವಳು ಯಾವ ತೀರ್ಮಾನ ಮಾಡಿಕೊಂಡು ಬಂದಿದ್ದಳೆಂದು ನನಗೆ ತಿಳಿದದ್ದು ಆಗಲೇ.

ಒಳಗೆ ಚಪ್ಪಾಳೆಗೆ ಎದ್ದವರು ಬರಿಗೈಯಲ್ಲಿ ಬಂದ ನಮ್ಮನ್ನು ಕಂಡು ಮುಖ ಮುಖ ನೋಡಿಕೊಂಡು ಕೂತರು. ಮಂಜು ಉದುರಲು ಶುರುವಾಯಿತು. ರ್‍ಯಾಂಪಿನ ಅರ್ಜಿ ಬರುವ ಹೊತ್ತಿಗೆ ಕಿಟಕಿಯಿಂದ ನೋಡಿದೆ: ಅವಳ ನೀಲಿ ಟೋಪಿ ಬೆಳ್ಳಗಾಗಿತ್ತು. ಜೀವಮಾನದಲ್ಲೇ ಸಭೆಯಲ್ಲಿ ಬಾಯಿ ತೆರೆಯದ ನಾನು ಎದ್ದು ನಿಂತೆ.

"ಅಧ್ಯಕ್ಷರೇ, ಈ ಒಂದು ವಿಷಯಕ್ಕೆ ಸಭೆ ಮೆಟ್ಟಿಲ ಕೆಳಗೆ ಸೇರಲಿ ಅಂತ ಸೂಚಿಸ್ತೀನಿ."

"ಆರ್ವಿಲ್, ಹೊರಗೆ ಮಂಜು ಬೀಳ್ತಿದೆ."

"ಗೊತ್ತು. ನನ್ನಕ್ಕ ಅದರಲ್ಲೇ ಕೂತಿದ್ದಾಳೆ."

"ಅನುಮೋದಿಸ್ತೀನಿ," ಎಂದ ಲಾಯ್ಡ್, ನೆಲ ನೋಡುತ್ತಾ. ಕೆಲವರು ನಕ್ಕರು, ಕೆಲವರು ಗೊಣಗಿದರು. ಆದರೆ ಕಿಟಕಿಯ ಕಡೆ ಒಮ್ಮೆ ನೋಡಿದವರು ಯಾರೂ ಬೇಡವೆನ್ನಲಿಲ್ಲ. ಕೋಟುಗಳನ್ನು ಹುಡುಕಿಕೊಂಡು ಊರು ಕೆಳಗಿಳಿಯಿತು.

ಆಮೇಲೆ ನಡೆದದ್ದನ್ನು ನಾವು ಯಾರೂ ನೆನೆಸಿರಲಿಲ್ಲ. ನಿಲ್ಲಿಸಿದ್ದ ಟ್ರಕ್ಕುಗಳ ಬಾಗಿಲು ಒಂದೊಂದಾಗಿ ತೆರೆದವು. ಹೆಂಡತಿಯನ್ನು ಇಳಿಸಿ ರೇಡಿಯೋ ಕೇಳುತ್ತಾ ಕೂರುತ್ತಿದ್ದ ಮುದುಕರು ಊರುಗೋಲೂರಿ ಬಂದರು. ಅವರಿಗೆ ಸಭೆಯೆಂದರೆ ತಾತ್ಸಾರ ಎಂದುಕೊಂಡಿದ್ದೆವು. ನೆಲಮಾಳಿಗೆಯ ಹಿಂಬಾಗಿಲಿನಿಂದ ಯೂನಿಸ್ ಬಂದಳು. ಪ್ರತಿವರ್ಷ ಇಡೀ ಊರಿಗೆ ಬೀನ್ಸ್ ಕಾಳು ಬೇಯಿಸಿ ಬಡಿಸುವವಳು.

"ಒಲೆ ಮೇಲೆ ಕಾಳಿದೆಯಲ್ಲ ಯೂನಿಸ್," ಎಂದ ಹಾರ್ಲನ್.

"ಸೀದು ಹೋಗ್ಲಿ ಬಿಡು. ಆರು ವರ್ಷದಿಂದ ಅಡುಗೆ ಮೇಲಿನ ಪ್ರೀತಿಗೆ ಕೆಳಗಿದ್ದೀನಿ ಅಂದ್ಕೊಂಡ್ಯಾ? ಸೊಂಟ ಹೋಗಿದೆ ಕಣಯ್ಯ. ಮೆಟ್ಟಿಲು ಹತ್ತೋಕಾಗಲ್ಲ. ವಿನ್ನಿ ಥರ ಹೊತ್ಕೊಂಡು ಹೋಗ್ತೀರಲ್ಲ ಅನ್ನೋ ಭಯಕ್ಕೆ ಬಾಯಿ ಮುಚ್ಕೊಂಡಿದ್ದೆ."

ಹಾರ್ಲನ್ ಊರಿನವರ ಕಡೆ ತಿರುಗಿದ. ರ್‍ಯಾಂಪು ಬೇಕೆನ್ನುವವರು ವಿನ್ನಿಯ ಕಡೆ, ಬೇಡವೆನ್ನುವವರು ಧ್ವಜದ ಕಂಬದ ಕಡೆ ನಿಲ್ಲಿ ಎಂದ. ಎರಡು ಸಲ ಎಣಿಸಿದರು. ನಾವು ಏಳು ಮತಗಳಿಂದ ಗೆದ್ದೆವು. ಮೆಟ್ಟಿಲು ಹತ್ತಲಾರದೆ ಕೆಳಗೇ ಉಳಿದಿದ್ದವರು ಹನ್ನೊಂದು ಮಂದಿ. ಹನ್ನೊಂದೂ ಜನ ವಿನ್ನಿಯ ಪಕ್ಕದಲ್ಲಿ ನಿಂತಿದ್ದರು. ಮೇಲೇ ಮತ ಹಾಕಿದ್ದರೆ ಸೋಲುತ್ತಿದ್ದೆವು. ಓದುವವರೇ, ನಿಮ್ಮೂರಿನಲ್ಲೂ ಇಂಥ ಮೆಟ್ಟಿಲುಗಳಿದ್ದರೆ, ಅವುಗಳ ಕೆಳಗೆ ಎಷ್ಟು ಜನ ನಿಂತಿದ್ದಾರೆಂದು ಒಮ್ಮೆ ಇಳಿದು ನೋಡಿ.

ಸೆಪ್ಟೆಂಬರ್ ಹೊತ್ತಿಗೆ ರ್‍ಯಾಂಪು ಸಿದ್ಧವಾಯಿತು. ಉದ್ಘಾಟನೆಗೆ ಮುಂಚೆಯೇ ಒಂದು ಸಂಜೆ ಕರೆದುಕೊಂಡು ಹೋಗು ಎಂದಳು ವಿನ್ನಿ. ಅಭ್ಯಾಸಬಲದಿಂದ ನನ್ನ ಕೈ ಕುರ್ಚಿಯ ಹಿಂದಕ್ಕೆ ಹೋಯಿತು.

"ಕೈ ತೆಗಿ."

ತೆಗೆದೆ. ಅವಳು ನಿಧಾನವಾಗಿ ಗಾಲಿ ತಿರುಗಿಸುತ್ತಾ ಹತ್ತಿದಳು. ಒಳಗೆ ಹೋದಳು, ಹೊರಗೆ ಬಂದಳು, ಮತ್ತೆ ಒಳಗೆ ಹೋದಳು. ಮೂರನೇ ಸಲ ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡಳು.

ನಾನು ಟ್ರಕ್ಕಿನಲ್ಲಿ ಕೂತು ಗಾಜು ಅರ್ಧ ಇಳಿಸಿದೆ. ಮೊದಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಮರದ ನೆಲದ ಮೇಲೆ ಗಾಲಿ ಉರುಳುವ ಸದ್ದು ಬಂತು. ಒಂದು ಸುತ್ತು, ಇನ್ನೊಂದು ಸುತ್ತು, ಮತ್ತೆ ಜೋರಾಗಿ ಇನ್ನೊಂದು. ಅವಳು ಹದಿನೇಳರಲ್ಲಿ ಇಂಥದೇ ಕಿಟಕಿಯ ಬಳಿ ಹೇಗೆ ಕೂತಿದ್ದಳೆಂದು ಐವತ್ತರಲ್ಲಿ ನನಗೆ ತಿಳಿಯಿತು.

ಬಹಳ ಹೊತ್ತಿನ ಮೇಲೆ ಅವಳು ತಾನಾಗಿಯೇ ಇಳಿದು ಬಂದಳು. ಹಣೆಯಲ್ಲಿ ಬೆವರು, ಕಣ್ಣು ಹೊಳೆಯುತ್ತಿತ್ತು.

"ಒಳಗೆ ಹೇಗಿತ್ತೇ?" ಎಂದು ಕೇಳಿದೆ.

"ಏನಿಲ್ಲ ಕಣೋ," ಎಂದಳು ವಿನ್ನಿ. "ಬರೀ ಸೆಕೆ."